ಟರ್ಬೊ ಬಿಚ್ಚಿದ ಮೇಲೂ ಉಳಿದ ಸೀಟಿ

ಆ ಕಾರಿನ ಬಣ್ಣ ನನಗೆ ನೆನಪಿಲ್ಲ. ಕೆನೆ ಬಣ್ಣ ಎಂದು ಅತ್ತಿಗೆ ಕೊನೆಯವರೆಗೂ ಹೇಳುತ್ತಿದ್ದರು. ನನ್ನ ಕಣ್ಣಿಗೆ ಅದು ಬೂದು. ಒಂದೆರಡು ಸಲ ಇದನ್ನು ಬರೆಯಲು ಕುಳಿತಾಗ ನೀಲಿಯೂ ಆಗಿತ್ತು. ಆದ್ದರಿಂದ ಬಣ್ಣದ ಮಾತು ಬಿಡುತ್ತೇನೆ. ಉಳಿದಿರುವುದು ಅದರ ಸೀಟಿ. ಆಕ್ಸಿಲರೇಟರ್ ಒತ್ತಿದೊಡನೆ ತೆಳುವಾಗಿ ಏಳುತ್ತಿತ್ತು, ಕಾಲು ತೆಗೆದರೆ ನಿಟ್ಟುಸಿರಿನ ಹಾಗೆ ಇಳಿಯುತ್ತಿತ್ತು. ಅದೇ ಕಾರಿಗೆ ಆಮೇಲೆ ಇನ್ನೊಂದು ಸೀಟಿ ಬಂತು. ಅದು ಬೇರೆ ಜಾತಿಯದು, ಬೇರೆ ಕಡೆಯಿಂದ ಬಂದದ್ದು. ಎರಡನ್ನೂ ನಾನು ಕೇಳಿದ್ದೇನೆ. ಎರಡನೆಯದನ್ನು ನನ್ನ ಅಣ್ಣ ಕೇಳಲಿಲ್ಲ. ಅವನು ಎಂಜಿನ್ ಮೇಸ್ತ್ರಿ. ಅವನ ಅನ್ನ ಇದ್ದದ್ದು ಅವನ ಕಿವಿಯಲ್ಲಿ.

ಎಂಬತ್ತರ ದಶಕದ ನಡುವಿನ ಮಾತು. ಅಜ್ಜಂಪುರದಲ್ಲಿ ರೈಲು ಹಳಿಯ ಪಕ್ಕಕ್ಕೆ ನಮ್ಮ ಮನೆ, ಮನೆಯ ಮುಂದೆಯೇ ಅಣ್ಣನ ಷೆಡ್ಡು. ನಾನು ಪ್ರೈಮರಿ ಶಾಲೆಯಲ್ಲಿ ಟೀಚರ್. ಮದುವೆಯಾಗದೆ ಅಣ್ಣ ಅತ್ತಿಗೆಯ ಜೊತೆಗೇ ಇದ್ದೆ. ಷೆಡ್ಡಿಗೆ ಬರುತ್ತಿದ್ದವು ಹೆಚ್ಚಾಗಿ ಪಂಪ್‌ಸೆಟ್ಟಿನ ಡೀಸೆಲ್ ಎಂಜಿನ್‌ಗಳು, ಹಿಟ್ಟಿನ ಗಿರಣಿಯವು, ಆಗೊಂದು ಈಗೊಂದು ಜೀಪು, ಲಾರಿ. ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿಕೊಂಡು ಎಂಜಿನ್ ತರುತ್ತಿದ್ದರು, ಕಾಯಿಲೆಯವರನ್ನು ತಂದ ಹಾಗೆ.

ಅಣ್ಣನ ಹತ್ತಿರ ಒಂದು ಉದ್ದನೆಯ ಸ್ಕ್ರೂಡ್ರೈವರ್ ಇತ್ತು, ಮರದ ಹಿಡಿಯದು. ಅದರ ತುದಿಯನ್ನು ಓಡುತ್ತಿರುವ ಎಂಜಿನ್ನಿನ ಮೈಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, ಎರಡನೇ ನಾಜಲ್ಲು ಎಂದೋ, ದೊಡ್ಡ ಬೇರಿಂಗು ಎಂದೋ ಹೇಳುತ್ತಿದ್ದ. ಬಿಚ್ಚಿದರೆ ಅದೇ ಇರುತ್ತಿತ್ತು. ಯಾವಾಗಲೂ ಅದೇ ಇರುತ್ತಿತ್ತೇ? ತಪ್ಪಿದ ದಿನಗಳು ನನ್ನ ನೆನಪಿನಲ್ಲಿ ಇಲ್ಲ ಎನ್ನುವುದೇ ನನಗೆ ಅನುಮಾನ ಹುಟ್ಟಿಸುತ್ತದೆ. ಆದರೆ ಶಿವನಿಯಿಂದ, ಪಂಚನಹಳ್ಳಿಯಿಂದ ಜನ ಹುಡುಕಿಕೊಂಡು ಬರುತ್ತಿದ್ದದ್ದು ನಿಜ. ಆ ಸ್ಕ್ರೂಡ್ರೈವರಿನಿಂದ ಅವನು ಒಂದು ಸ್ಕ್ರೂವನ್ನೂ ತಿರುಗಿಸಿದವನಲ್ಲ. ಅದಕ್ಕೆ ಗೋಡೆಯಲ್ಲಿ ಬೇರೆಯದೇ ಮೊಳೆ. ಒಮ್ಮೆ ಅತ್ತಿಗೆ ಬೆಲ್ಲದ ಅಚ್ಚು ಒಡೆಯಲು ಅದನ್ನು ತೆಗೆದುಕೊಂಡು ಹೋಗಿದ್ದರು.

"ಲೇ, ಅದು ಸಾಮಾನಲ್ಲ ಕಣೇ, ನನ್ ಕಿವಿ ಅದು" ಎಂದು ಅಣ್ಣ ಕೂಗಾಡಿದ್ದ.

"ಹಂಗಾದ್ರೆ ಮೊಳೆಗ್ಯಾಕೆ ನೇತಾಕಿದೀರಿ, ತಲೇಲೇ ಇಟ್ಕಳಿ" ಎಂದು ಅತ್ತಿಗೆ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡಿದ್ದರು.

ಕಾರು ಕಡೂರಿನ ಕೊಬ್ಬರಿ ವ್ಯಾಪಾರಿಯೊಬ್ಬರದು. ದಪ್ಪ ಮೈಯ, ಹಣೆಯ ತುಂಬ ವಿಭೂತಿ ಧರಿಸುತ್ತಿದ್ದ, ಜೋರು ನಗೆಯ ಯಜಮಾನರು. ಎಲ್ಲಿಯೋ ಕೆಲಸ ಮುಗಿಸಿ ತಮ್ಮ ದೇಶಕ್ಕೆ ಮರಳಿದ ಪರದೇಶದ ಎಂಜಿನಿಯರುಗಳು ಬಿಟ್ಟುಹೋದ ಡೀಸೆಲ್ ಕಾರನ್ನು ಹರಾಜಿನಲ್ಲಿ ಹಿಡಿದಿದ್ದರು. ಮಗಳನ್ನು ಬೆಟ್ಟದ ಮೇಲಿನ ಕಾಫಿ ಸೀಮೆಗೆ ಕೊಟ್ಟಿದ್ದರು. ತರೀಕೆರೆಯಿಂದ ಲಿಂಗದಹಳ್ಳಿ ದಾಟಿ ಏರು ಹತ್ತಲು ಈ ಕಾರೇ ಸರಿ ಎನ್ನುವುದು ಅವರ ಹೆಮ್ಮೆ. ಆ ಸೀಮೆಯಲ್ಲೆಲ್ಲ ಯಾರ ಬಳಿಯೂ ಇಲ್ಲದ ಟರ್ಬೊ ಅದಕ್ಕಿತ್ತು.

ಟರ್ಬೊ ಎಂದರೇನು ಎಂದು ಅಣ್ಣನನ್ನು ಕೇಳಿದ್ದೆ. ಬಾನೆಟ್ಟಿನೊಳಗೆ ದೊಡ್ಡ ಬಸವನಹುಳುವಿನ ಹಾಗೆ ಸುರುಳಿ ಸುತ್ತಿ ಕುಳಿತಿದ್ದ ಕಬ್ಬಿಣವನ್ನು ತೋರಿಸಿದ.

"ಒಂದೇ ಸಲಾಕೆಗೆ ಎರಡು ಚಕ್ರ. ಗಂಡ ಈ ಕಡೆ ಹೊಗೇಲಿ ತಿರುಗ್ತಾನೆ, ಹೆಂಡ್ತಿ ಆ ಕಡೆ ಎಂಜಿನ್ನಿಗೆ ಗಾಳಿ ತುಂಬ್ತಾಳೆ. ಗಾಳಿ ಜಾಸ್ತಿ ಹೋದಂಗೆಲ್ಲ ಡೀಸೆಲ್ ಚೆನ್ನಾಗಿ ಉರೀತದೆ, ಗಾಡಿ ಎಳೀತದೆ. ತಿಳೀತಾ ಮೇಡಮ್ಮೋರೇ?"

"ಹೆಂಡ್ತಿ ತಿರುಗೋದು ನಿಲ್ಸಿದ್ರೆ?" ಎಂದು ಅತ್ತಿಗೆ ಒಳಗಿನಿಂದ ಕೇಳಿದರು.

ಅಣ್ಣ ಉತ್ತರ ಕೊಡಲಿಲ್ಲ. ಬೇಕೆಂದೇ ಕೊಡಲಿಲ್ಲ ಎಂದು ಅವತ್ತು ಇಬ್ಬರೂ ನಕ್ಕೆವು.

ಅದು ಕೆಟ್ಟದ್ದು ಜೋಳದ ಒಕ್ಕಣೆಯ ಕಾಲದಲ್ಲಿ. ಸಲಾಕೆಯ ಬೇರಿಂಗ್ ಸವೆದು, ಆಯಿಲ್ಲು ಗಾಳಿಯ ದಾರಿಗೆ ನುಗ್ಗಿ, ಕಾರು ನೀಲಿ ಹೊಗೆ ಕಾರುತ್ತ ಷೆಡ್ಡಿನ ಮುಂದೆ ಬಂದು ನಿಂತಿತು. ಸಾಮಾನು ಬೆಂಗಳೂರಿನಲ್ಲಿಲ್ಲ, ಮದರಾಸಿನಲ್ಲೂ ಇಲ್ಲ ಎಂದು ಯಜಮಾನರು ವಿಚಾರಿಸಿಕೊಂಡೇ ಬಂದಿದ್ದರು. ಬಿಚ್ಚಿ ಎಸೆಯುವುದೊಂದೇ ದಾರಿ. ಅಣ್ಣ ಬಿಚ್ಚಿದ. ಹೊಗೆಯ ದಾರಿಗೆ ಬಗ್ಗಿಸಿದ ಕೊಳವೆ ವೆಲ್ಡಿಂಗ್ ಮಾಡಿಸಿ ಕೂರಿಸಿದ, ಆಯಿಲ್ಲಿನ ತೂತಿಗೆ ಬೋಲ್ಟು ಹಾಕಿ ಮುಚ್ಚಿದ. ಹಳೆಯ ಏರ್ ಫಿಲ್ಟರಿನ ಡಬ್ಬಿ ಟರ್ಬೊಗೆ ತಕ್ಕಂತೆ ಮಾಡಿದ್ದು, ಈಗ ಯಾವುದಕ್ಕೂ ಹೊಂದುತ್ತಿರಲಿಲ್ಲ. ಅದನ್ನು ತೆಗೆದಿಟ್ಟು, ಗಾಳಿಗೆ ದಪ್ಪ ರಬ್ಬರ್ ಪೈಪು ಜೋಡಿಸಿ, ಅದರ ಬಾಯಿಯನ್ನು ಕೆಳಮುಖ ಮಾಡಿ, ಧೂಳು ಹೋಗದಿರಲೆಂದು ಅತ್ತಿಗೆಯ ಹಳೆಯ ವಾಯಿಲ್ ಸೀರೆಯ ತುಂಡನ್ನು ಮಡಿಸಿ ಬಾಯಿಗೆ ಕಟ್ಟಿದ. ಒಕ್ಕಣೆ ಕಾಲದಲ್ಲಿ ನಮ್ಮ ಕಡೆ ಪ್ರತಿ ಪಂಪ್‌ಸೆಟ್ಟಿಗೂ ಹಾಗೆಯೇ ಕಟ್ಟುತ್ತಿದ್ದರು. ಅವನ ಕೈ ಅದನ್ನು ಅವನಿಗೇ ಗೊತ್ತಿಲ್ಲದೆ ಮಾಡಿತೆಂದು ಈಗ ಅನ್ನಿಸುತ್ತದೆ.

"ಇನ್ಮೇಲೆ ಮೊದಲಿನ ಹಂಗೆ ಹಾರಲ್ಲ ಯಜಮಾನ್ರೇ. ಸಾಮಾನ್ಯ ಕಾರಿನ ಹಂಗೆ ನಡೀತದೆ" ಎಂದು ಹೇಳಿಯೇ ಕಳಿಸಿದ.

ಒಂದು ವಾರವೋ ಹತ್ತು ದಿನವೋ ಕಳೆದು ಕಾರು ಮರಳಿ ಬಂತು. ಯಜಮಾನರ ಮುಖದಲ್ಲಿ ನಗೆ ಇರಲಿಲ್ಲ.

"ಮೇಸ್ತ್ರೀ, ಸಾಮಾನ್ಯ ಕಾರಂದ್ರಿ. ಇದು ಸಾಮಾನ್ಯ ಕತ್ತೆನೂ ಅಲ್ಲ. ಲಿಂಗದಹಳ್ಳಿ ದಾಟ್ತಿದ್ದಂಗೆ ಫಸ್ಟ್ ಗೇರಿಗೆ ಬಂದ್ಬಿಡ್ತು. ಹಿಂದ್ಗಡೆ ಬಸ್ಸಿನವ್ನು ಹಾರನ್ ಹೊಡ್ದು ಹೊಡ್ದು, ಕೊನೆಗೆ ನನ್ನ ದಾಟ್ಕಂಡು ಹೋಗೋವಾಗ ಕಂಡಕ್ಟ್ರು ಟಾಟಾ ಮಾಡ್ದ ಕಣ್ರೀ!"

"ಟರ್ಬೊ ಇಲ್ಲವಲ್ಲ ಯಜಮಾನ್ರೇ."

"ಟರ್ಬೊ ಇಲ್ಲ ಸರಿ. ಸೀಟಿ ಮಾತ್ರ ಐತಲ್ಲ?"

ಅಣ್ಣ ಅವರ ಮುಖ ನೋಡಿದ. ಆಮೇಲೆ ನಕ್ಕ. "ಅದು ನಿಮ್ ಕಿವೀಲಿ ಉಳ್ಕಂಡಿರೋ ಸೀಟಿ. ಕಾರು ಬಿಟ್ರೂ ನಿಮ್ಮನ್ನ ಬಿಟ್ಟಿಲ್ಲ."

ಯಜಮಾನರೂ ನಕ್ಕರು. ನಾನು ಜಗುಲಿಯಲ್ಲಿ ಮಕ್ಕಳ ಕಾಪಿ ತಿದ್ದುತ್ತ ಕುಳಿತಿದ್ದೆ. ಎಂಜಿನ್ ಓಡುತ್ತಲೇ ಇತ್ತು. ನನಗೂ ಸೀಟಿ ಕೇಳಿಸುತ್ತಿತ್ತು.

"ಅಣ್ಣಾ, ಹೌದು ಕಣೋ, ಏನೋ ಸೀಟಿ ಬತ್ತೈತೆ" ಎಂದೆ.

"ನೀನು ಮಗ್ಗಿ ತಿದ್ದು" ಎಂದ.

ಅವತ್ತಿನಿಂದ ಅವನು ಆ ಕಾರನ್ನು ಬಿಚ್ಚತೊಡಗಿದ. ಆಕ್ಸಿಲರೇಟರ್ ಒತ್ತಿದರೆ ಕಪ್ಪು ಹೊಗೆ. ಟರ್ಬೊ ಇದ್ದಾಗಿನ ಗಾಳಿಗೆ ತಕ್ಕಂತೆ ಡೀಸೆಲ್ ಬೀಳುತ್ತಿದೆ, ಈಗ ಗಾಳಿ ಕಡಿಮೆ, ಅದಕ್ಕೇ ಹೊಗೆ ಎಂದು ಪಂಪಿನಲ್ಲಿ ಡೀಸೆಲ್ ತಗ್ಗಿಸಿದ. ಹೊಗೆ ತಗ್ಗಿತು, ಎಳೆತವೂ ತಗ್ಗಿತು. ಮತ್ತೆ ಏರಿಸಿದ. ಡೀಸೆಲ್ ಚಿಮ್ಮಿಸುವ ನಾಜಲ್ಲುಗಳನ್ನು ತೆಗೆದು ಒಂದೊಂದರ ಸಿಡಿತವನ್ನೂ ನೋಡಿದ. ವಾಲ್ವುಗಳ ಟ್ಯಾಪೆಟ್ಟು ಸರಿಮಾಡಿದ. ಹೊಸ ಕೊಳವೆಯಲ್ಲಿ ಹೊಗೆ ಕಟ್ಟಿಕೊಂಡಿದೆಯೇ ಎಂದು ಅದನ್ನೂ ಬಿಚ್ಚಿ ಕಣ್ಣಿಟ್ಟು ನೋಡಿದ. ಪ್ರತಿ ಸಲ ಜೋಡಿಸಿ ತರೀಕೆರೆ ರಸ್ತೆಯಲ್ಲಿ ಓಡಿಸಿಕೊಂಡು ಬರುತ್ತಿದ್ದ. ಪ್ರತಿ ಸಲವೂ ಕಾರು ಹಿಂದಿನ ದಿನಕ್ಕಿಂತ ಸುಸ್ತಾಗಿರುತ್ತಿತ್ತು. ದಾರಿಯಲ್ಲಿ ಹೋಗುವವರಿಗೆಲ್ಲ ಕಾರಣ ಗೊತ್ತಿತ್ತು: ಟರ್ಬೊ ಬಿಚ್ಚಿದ್ದಾರೆ, ಇನ್ನೇನಾಗುತ್ತೆ. ಎಲ್ಲರಿಗೂ ಗೊತ್ತಿರುವ ಕಾರಣ ಒಂದು ಸಿಕ್ಕರೆ ಇನ್ನೊಂದನ್ನು ಯಾರೂ ಹುಡುಕುವುದಿಲ್ಲ. ಅಣ್ಣ ಒಬ್ಬ ಹುಡುಕುತ್ತಿದ್ದ. ಟರ್ಬೊ ಹೋದದ್ದರಿಂದ ಇಷ್ಟು ಹೋಗಬೇಕು, ಇದಕ್ಕಿಂತ ಹೆಚ್ಚು ಹೋಗಬಾರದು ಎನ್ನುವ ಒಂದು ಅಳತೆ ಅವನ ಮನಸ್ಸಿನಲ್ಲಿತ್ತು.

ಆದರೆ ಅವನು ಸ್ಕ್ರೂಡ್ರೈವರ್ ತೆಗೆದುಕೊಳ್ಳುತ್ತಿರಲಿಲ್ಲ. ಎಂಜಿನ್ನಿನ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದ. ಎಷ್ಟೋ ದಿನದಿಂದ ಹಾಗೆ ಮಾಡುತ್ತಿದ್ದನೆಂದು ನಾನು ಆಗ ಗಮನಿಸಿದೆ. ಮೊದಲೇ ಗಮನಿಸಿದ್ದೆನೋ? ಇಲ್ಲಿ ನೆನಪು ನನಗೊಂದು ಸಾಲು ಮಾಡಿಕೊಡುತ್ತದೆ. ಅತ್ತಿಗೆ ಒಳಗಿನಿಂದ ಕೇಳಿದ ಮಾತಿಗೆ ಅವನು ಸುಮ್ಮನಿದ್ದದ್ದು, ಊಟಕ್ಕೆ ಕೂಗಿದರೆ ಬರದಿದ್ದದ್ದು, ಸಂತೆಯಲ್ಲಿ ಯಾರೋ ಮಾತಾಡಿಸಿದರೆ ಅವರ ತುಟಿಯನ್ನೇ ನೋಡುತ್ತಿದ್ದದ್ದು. ಎಲ್ಲವೂ ಒಂದರ ಹಿಂದೆ ಒಂದು ಅಚ್ಚುಕಟ್ಟಾಗಿ ಬಂದು ನಿಲ್ಲುತ್ತವೆ. ಬದುಕುತ್ತಿದ್ದಾಗ ಅವು ಹಾಗೆ ಸಾಲಾಗಿ ಇರಲಿಲ್ಲ. ನಡುನಡುವೆ ಅವನು ಚೆನ್ನಾಗಿಯೇ ಕೇಳಿಸಿಕೊಂಡ ದಿನಗಳೂ ಇದ್ದವು.

ಒಂದನ್ನು ಮಾತ್ರ ನಂಬುತ್ತೇನೆ, ರೈಲಿನದು. ಶಿವನಿ ಕಡೆಯಿಂದ ಗೂಡ್ಸ್ ಬರುವಾಗ ಅಣ್ಣ ತಟ್ಟೆಯಿಂದ ತಲೆ ಎತ್ತಿ, "ತುಂಬ್ಕಂಡ್ ಬತ್ತಾವ್ನೆ" ಎಂದೋ, "ಖಾಲಿ" ಎಂದೋ ಹೇಳುತ್ತಿದ್ದ. ಉಗಿ ಎಂಜಿನ್ನಿನ ಉಸಿರಿನಲ್ಲೇ ಅವನಿಗೆ ತಿಳಿಯುತ್ತಿತ್ತು. ನಾವು ಅವನಿಗೆ ಉತ್ತರ ಕೊಟ್ಟದ್ದೇ ಇಲ್ಲ. ಯಾವಾಗಿನಿಂದಲೋ ಅವನು ಹಾಗೆ ಹೇಳುವುದು ನಿಂತಿತ್ತು.

ಆ ವಾರ ಅತ್ತಿಗೆ ಮೊರದಲ್ಲಿ ಜೋಳ ಕೇರುತ್ತ ನನ್ನನ್ನು ಕೇಳಿದರು. "ನಿಮ್ಮಣ್ಣಂಗೆ ಸರ್ಯಾಗಿ ಕೇಳ್ಸಕಿಲ್ಲ. ನಿಂಗೆ ಗೊತ್ತಾ?"

"ಗೊತ್ತು."

"ಯಾವಾಗಿಂದ?"

"ನಿಮಗೆ?"

ಅತ್ತಿಗೆ ಮೊರ ಆಡಿಸುತ್ತಲೇ ಇದ್ದರು. ಕಣ್ಣೆತ್ತದೆ, "ತರೀಕೆರೆ ಡಾಕ್ಟ್ರು ನೋಡವ್ರೆ. ನರದ್ದಂತೆ. ಹೋಗಿದ್ದು ಬರಕಿಲ್ಲವಂತೆ. ಯಾರಿಗೂ ಹೇಳ್ಬ್ಯಾಡ ಅಂದವ್ರೆ ನಂಗೆ. ನಿಂಗೂ ಹೇಳ್ಬ್ಯಾಡ ಅಂದಿದ್ರು" ಎಂದರು. "ಕಿವಿ ಹೋದ ಮೇಸ್ತ್ರಿ ಹತ್ರ ಯಾರು ಬತ್ತಾರೆ ಹೇಳು."

ಯಜಮಾನರು ಮತ್ತೆ ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ಬಿಸಿಲಿಗೆ ಷೆಡ್ಡಿನ ತಗಡು ಚಟಚಟ ಅನ್ನುತ್ತಿತ್ತು. ಅವರು ಕೂರಲಿಲ್ಲ.

"ಬೇಜಾರು ಮಾಡ್ಕಬ್ಯಾಡ್ರಿ ಮೇಸ್ತ್ರೀ. ನಾಳೆ ಕಾರನ್ನ ದಾವಣಗೆರೆಗೆ ಸಾಗಿಸ್ತೀನಿ. ಅಲ್ಲಿ ದೊಡ್ಡ ಗ್ಯಾರೇಜೈತೆ. ನಿಮ್ಮನ್ನ ನಂಬಿಲ್ಲ ಅಂತ ಅಲ್ಲ…" ಎಂದರು. ಆಮೇಲೆ, ತಮಗೇ ಹೇಳಿಕೊಳ್ಳುವ ಹಾಗೆ, ಎಲೆ ಅಡಿಕೆಯ ಬಾಯಿಯಲ್ಲಿ ತಗ್ಗಿದ ದನಿಯಲ್ಲಿ, "ಮೊದಲಾಗಿದ್ರೆ ದೂರ ನಿಂತೇ ಹೇಳ್ಬಿಡ್ತಿದ್ರಿ" ಎಂದರು.

ಆ ಮಾತು ಅಣ್ಣನಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಅವರ ಮುಖವನ್ನಂತೂ ಓದಿದ. "ಒಂದು ಗಂಟೆ ಟೈಮ್ ಕೊಡಿ ಯಜಮಾನ್ರೇ. ಪೇಟೆ ಸುತ್ಕಂಡು ಬನ್ನಿ" ಎಂದ.

ಅವರು ಹೋದ ಮೇಲೆ ಅವನು ಕಾರು ಸ್ಟಾರ್ಟ್ ಮಾಡಿದ. ಮೊಳೆಯಿಂದ ಸ್ಕ್ರೂಡ್ರೈವರ್ ತೆಗೆದ. ಎಂಜಿನ್ನಿಗೆ ಊರಿ ಬಲಗಿವಿಗೆ ಒತ್ತಿಕೊಂಡ, ಎಡಗಿವಿಗೆ ಒತ್ತಿಕೊಂಡ. ಕಣ್ಣು ಮುಚ್ಚಲಿಲ್ಲ. ಮತ್ತೆ ಬಲಗಿವಿ. ಆಮೇಲೆ ಜಗುಲಿಯ ಕಡೆ ತಿರುಗಿದ.

"ಬಾ ಇಲ್ಲಿ."

ಹೋದೆ. ಹಿಡಿಯನ್ನು ನನ್ನ ಕಡೆ ಚಾಚಿದ. ಅವನ ಬೆವರಿಗೆ ಅದು ಒದ್ದೆಯಾಗಿತ್ತು.

"ಏನು ಕೇಳ್ಸುತ್ತೆ ಹೇಳು. ನಿಂಗೇನೂ ಗೊತ್ತಾಗಬೇಕಿಲ್ಲ. ಬರೀ ಹೇಳು."

ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. ನಾನು ಹಿಡಿಯನ್ನು ಕಿವಿಗೆ ಇಟ್ಟುಕೊಂಡೆ. ಒಳಗೆ ಕುದುರೆ ಓಡಿದ ಹಾಗೆ ದಡದಡ ಸದ್ದು. ಅದನ್ನು ಹೇಳಿದೆ.

"ಎಲ್ಲಾ ಒಂದೇ ಸಮ ಐತಾ? ನಡುವೆ ಯಾವ್ದಾದ್ರೂ ಕುಂಟ್ತದಾ?" ನನ್ನ ತುಟಿಯನ್ನೇ ನೋಡುತ್ತಿದ್ದ.

"ಇಲ್ಲ, ಸಮ ಐತೆ."

"ಕಟಕಟ ಅಂತದಾ?"

"ಇಲ್ಲ."

"ಮತ್ತೆ ಆ ಸೀಟಿ. ಇವತ್ತೂ ಐತಾ?"

"ಐತೆ. ಈ ಕೋಲಿನಲ್ಲಿ ಅಲ್ಲ, ಹಂಗೇ ಕೇಳ್ಸುತ್ತೆ. ಆ ರಬ್ಬರ್ ಪೈಪಿನ ಕಡೆಯಿಂದ."

ಅವನು ಪೈಪಿನ ಕಡೆ ನೋಡಿದ. "ಟರ್ಬೊ ಬಿಚ್ಚಿದ ದಿನವೇ ಇತ್ತಾ, ಆಮೇಲೆ ಬಂತಾ?"

ಯೋಚಿಸಿದೆ. "ಮೊದಲ ದಿನ ಇರ್ಲಿಲ್ಲ. ಆಮೇಲೆ ಬಂತು. ದಿನದಿಂದ ದಿನಕ್ಕೆ ಜಾಸ್ತಿ ಆಗ್ತೈತೆ."

"ರೇಸ್ ಮಾಡಿದ್ರೆ?" ಎಂದು ಆಕ್ಸಿಲರೇಟರಿನ ತಂತಿಯನ್ನು ಕೈಯಲ್ಲೇ ಎಳೆದ.

"ಜೋರಾಯ್ತು. ಯಾರೋ ಬಾಯಿ ಮುಚ್ಚಿಸ್ಕಂಡು ಉಸಿರೆಳೀತಿರೋ ಹಂಗೆ."

ಅಣ್ಣ ಬೀಡಿ ಹಚ್ಚಿದ. ಸೇದಲಿಲ್ಲ. ರಬ್ಬರ್ ಪೈಪು ಎಂಜಿನ್ನಿಗೆ ಸೇರುವ ಕಡೆ ಹಿಡಿದ. ಹೊಗೆ ಮೇಲೇಳುವ ಬದಲು ಬಾಗಿ, ದಾರದ ಹಾಗೆ ಸಣ್ಣಗಾಗಿ ಪೈಪಿನ ಸಂದಿಯೊಳಗೆ ಹೋಯಿತು. ಅದನ್ನು ಅವನು ಕಣ್ಣಿಂದ ನೋಡಿದ. ಆಮೇಲೆ ನೆಲದ ಮೇಲೆ ಮಲಗಿ, ಕೆಳಮುಖವಾಗಿದ್ದ ಪೈಪಿನ ಬಾಯಿಯ ಹತ್ತಿರ ಬೀಡಿ ಹಿಡಿದ. ಅಲ್ಲಿ ಹೊಗೆ ಅಲುಗಲೇ ಇಲ್ಲ, ನೆಟ್ಟಗೆ ಮೇಲೆ ಹೋಯಿತು. ಗಾಳಿ ಹೋಗಬೇಕಾದ ದೊಡ್ಡ ಬಾಯಲ್ಲಿ ಹೋಗದೆ, ಸಂದಿಯಲ್ಲಿ ಸೀಟಿ ಹೊಡೆಯುತ್ತ ಹೋಗುತ್ತಿತ್ತು.

ಕೈ ಹಾಕಿ, ಪೈಪಿನ ಬಾಯಿಗೆ ಕಟ್ಟಿದ್ದ ಸೀರೆಯ ತುಂಡನ್ನು ಬಿಚ್ಚಿ ತೆಗೆದು ಎದ್ದ. ಅದನ್ನು ಬಟ್ಟೆ ಎನ್ನುವಂತಿರಲಿಲ್ಲ. ಪಕ್ಕದಲ್ಲಿ ನೇತಾಡುತ್ತಿದ್ದ ಇನ್ನೊಂದು ಸಣ್ಣ ಪೈಪಿನಿಂದ ಎಂಜಿನ್ನಿನ ಆಯಿಲ್ ಹಬೆ ಬಡಿದು ಬಡಿದು, ಅದರ ಮೇಲೆ ಒಕ್ಕಣೆಯ ಧೂಳು ಕೂತು, ಸಗಣಿ ಬೆರಣಿಯ ಹಾಗೆ ಗಟ್ಟಿಯಾಗಿತ್ತು.

ಪಂಪ್‌ಸೆಟ್ಟಿಗೆ ಬಟ್ಟೆ ಕಟ್ಟುವುದು ಮೇಸ್ತ್ರಿ. ದಿನಾ ಬೆಳಿಗ್ಗೆ ಅದನ್ನು ಬಿಚ್ಚಿ, ಒದರಿ, ಒಗೆದು ಕಟ್ಟುವುದು ಹೊಲದ ಮನೆಯವರು. ದನಕ್ಕೆ ನೀರು ಕುಡಿಸಿದಷ್ಟೇ ಸಹಜವಾಗಿ ಹೆಂಗಸರು ಆ ಕೆಲಸ ಮಾಡುತ್ತಿದ್ದರು, ಯಾರೂ ಅವರಿಗೆ ಹೇಳಬೇಕಿರಲಿಲ್ಲ. ಕಡೂರಿನ ಕೊಬ್ಬರಿ ವ್ಯಾಪಾರಿಗೆ ತನ್ನ ಕಾರಿನ ಬಾಯಿಗೆ ಬಟ್ಟೆಯಿದೆ ಎಂದೇ ಗೊತ್ತಿರಲಿಲ್ಲ. ಅಣ್ಣನಿಗೆ ಅದನ್ನು ಯಾರಿಗಾದರೂ ಹೇಳಬೇಕೆಂದು ಹೊಳೆದಿರಲಿಲ್ಲ.

ಬಟ್ಟೆ ತೆಗೆದ ಎಂಜಿನ್ ಅಲ್ಲೇ ನಿಂತಲ್ಲೇ ದನಿ ಬದಲಿಸಿತು. ತುಂಬಿಕೊಂಡಿತು. ಸೀಟಿ ನಿಂತಿತು. ಅತ್ತಿಗೆ ಬಾಗಿಲಿನಿಂದಲೇ "ಹಾ!" ಎಂದರು. ಅಣ್ಣ ನನ್ನ ಮುಖ ನೋಡಿದ.

"ನಿಂತ್ತಾ?"

"ನಿಂತ್ತು."

ತಲೆಯಾಡಿಸಿದ. ಅಂಗೈಯನ್ನು ಎಂಜಿನ್ನಿನ ಮೇಲೆ ಇಟ್ಟ. ಬಿಸಿ ತಾಳುವಷ್ಟು ಹೊತ್ತು ಇಟ್ಟುಕೊಂಡೇ ಇದ್ದ.

ಉಸಿರು ಕಟ್ಟಿದ ಎಂಜಿನ್, ಕಿವಿ ಕಟ್ಟಿದ ಮೇಸ್ತ್ರಿ. ಇಬ್ಬರ ಬಾಯಿಗೂ ಬಟ್ಟೆ. ಹೀಗೆ ಜೋಡಿಸಿ ಬರೆದ ಪುಟಗಳನ್ನು ನಾನು ಹರಿದುಹಾಕಿದ್ದೇನೆ. ಬಟ್ಟೆ ಬಿಚ್ಚಿದರೆ ಎಂಜಿನ್ ಸರಿಹೋಯಿತು. ಅಣ್ಣನಲ್ಲಿ ಬಿಚ್ಚುವಂಥದ್ದೇನೂ ಇರಲಿಲ್ಲ.

ಯಜಮಾನರು ಬಂದು ತರೀಕೆರೆ ರಸ್ತೆಯಲ್ಲಿ ಓಡಿಸಿ ನೋಡಿದರು. ಮೊದಲಿನಷ್ಟು ಇಲ್ಲದಿದ್ದರೂ ಅಲ್ಲಿಯ ಏರನ್ನು ಮೂರನೇ ಗೇರಿನಲ್ಲಿ ಹತ್ತಿತಂತೆ. ಮರಳಿ ಬಂದವರು ಅಣ್ಣನ ಭುಜ ತಟ್ಟಿದರು. "ಸೀಟಿನೂ ಹೋಯ್ತು ಕಣ್ರೀ! ಏನು ಕಿವಿನಪ್ಪಾ ನಿಮ್ದು. ದಾವಣಗೆರೇಲಿ ಇಂಥ ಕಿವಿ ಎಲ್ಲಿ ಸಿಗ್ತದೆ!"

ಅಣ್ಣ ನಕ್ಕ. ಅವರ ಬಾಯಿ ನೋಡಿಕೊಂಡು, ಸರಿಯಾದ ಜಾಗಕ್ಕೇ ನಕ್ಕ. ಆಮೇಲೆ ನಾನಾಗಲಿ ಅತ್ತಿಗೆಯಾಗಲಿ ನಿರೀಕ್ಷಿಸದ ಮಾತು ಹೇಳಿದ.

"ಕಿವಿ ನಂದಲ್ಲ ಯಜಮಾನ್ರೇ, ನನ್ ತಂಗೀದು. ನಂಗೆ ಕೇಳ್ಸಲ್ಲ. ಇನ್ಮೇಲೆ ಈ ಕಾರನ್ನ ದಾವಣಗೆರೆಗೇ ಒಯ್ಯಿರಿ."

ಯಜಮಾನರು ಮೊದಲು ತಮಾಷೆ ಎಂದುಕೊಂಡರು. ನನ್ನನ್ನು ನೋಡಿದರು, ಅತ್ತಿಗೆಯನ್ನು ನೋಡಿದರು. ಅವರ ನಗೆ ಎಷ್ಟು ಹೊತ್ತಿಗೆ ಆರಿತೆಂದು ಹೇಳಲಾರೆ. ಅವರು ಏನೋ ಹೇಳಿದರು, ಸಮಾಧಾನದ ಮಾತು ಇರಬೇಕು. ಅಣ್ಣ ಆಗ ಅವರ ಬಾಯಿಯ ಕಡೆ ನೋಡುತ್ತಿರಲಿಲ್ಲ, ಆದ್ದರಿಂದ ಅದು ಅವನಿಗೆ ಹೇಳಿದ ಹಾಗೆ ಆಗಲಿಲ್ಲ.

ಸುದ್ದಿ ಕಾರಿನ ಜೊತೆಗೇ ಕಡೂರಿಗೆ ಹೋಯಿತು. ಜೀಪು, ಲಾರಿಗಳು ನಿಂತವು. ಪಂಪ್‌ಸೆಟ್ಟುಗಳು ಬರುತ್ತಿದ್ದವು. ಅವನ್ನು ಅವನು ಅಂಗೈಯಿಂದ, ಹೊಗೆಯ ಬಣ್ಣದಿಂದ ನೋಡಿ ರಿಪೇರಿ ಮಾಡಿಕೊಡುತ್ತಿದ್ದ. ನನ್ನನ್ನು ಇನ್ನೊಮ್ಮೆ ಕರೆಯಲಿಲ್ಲ. ನಾನಾಗಿಯೇ ಹೋಗಿ ನಿಂತರೆ, "ಸ್ಕೂಲಿಗೆ ಹೊತ್ತಾಯ್ತು ಹೋಗು" ಎನ್ನುತ್ತಿದ್ದ.

ಆ ಭಾನುವಾರದ ಮರುದಿನವೇ ಇರಬೇಕು, ಅಥವಾ ನಾನು ಹಾಗೆ ಅಂಟಿಸಿಕೊಂಡಿದ್ದೇನೋ. ಬೆಳಿಗ್ಗೆ ಶಾಲೆಗೆ ಹೊರಟಾಗ ಅಣ್ಣ ಷೆಡ್ಡಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ. ಗ್ರೀಸಿನ ಡಬ್ಬಿಯ ಮುಚ್ಚಳ ಬಿಗಿದಿತ್ತು. ಮರದ ಹಿಡಿಯ ಆ ಉದ್ದ ಸ್ಕ್ರೂಡ್ರೈವರನ್ನು ಮುಚ್ಚಳದ ಸಂದಿಗೆ ತೂರಿಸಿ, ಮೇಲಿನಿಂದ ಸುತ್ತಿಗೆಯಲ್ಲಿ ಹೊಡೆಯುತ್ತಿದ್ದ. ಹಿಂದೆ ಹಳಿಯ ಮೇಲೆ ಗೂಡ್ಸ್ ಒಂದು ಏದುತ್ತ ಹೋಗುತ್ತಿತ್ತು. ಅತ್ತಿಗೆ ಒಳಗಿನಿಂದ ಓಡಿ ಬಂದು, ಅವನ ಕೈಯಲ್ಲಿದ್ದುದನ್ನು ನೋಡಿ, ಬಂದ ಹಾಗೆಯೇ ಒಳಗೆ ಹೋದರು. ಮುಚ್ಚಳ ಹಾರಿತು. ಸ್ಕ್ರೂಡ್ರೈವರಿನ ತುದಿ ಮುಕ್ಕಾಗಿತ್ತು. ಅಣ್ಣ ಅದನ್ನು ಪ್ಯಾಂಟಿಗೆ ಒರೆಸಿಕೊಂಡು, ಉಳಿದ ಸಾಮಾನುಗಳ ಡಬ್ಬಿಯೊಳಗೆ ಹಾಕಿದ.